ಮಳೆಯ ತಿಂಗಳು ಕೇಳಿ, ಆಮೇಲೆ ಗಿಡ ನೋಡಿ

(ತೋಟದ ಗೀಳು ಹಚ್ಚಿಕೊಂಡವರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತಿಗೆ ಆಯೋಜಕರು ಕೊಟ್ಟ ಹೆಸರು ‘ಮೆಡಿಟರೇನಿಯನ್ ತೋಟಗಳಲ್ಲಿ ಒಂದು ಸುತ್ತು’. ಫೋಟೋ ಜಾಸ್ತಿ ಇರಲಿ, ಮಾತು ಕಡಿಮೆ ಇರಲಿ ಅಂತಲೂ ಹೇಳಿದ್ದಾರೆ. ಫೋಟೋ ಬರುತ್ತವೆ. ಅದಕ್ಕೂ ಮುಂಚೆ ಫೋಟೋದಲ್ಲಿ ಕಾಣದ ಒಂದು ಸಂಗತಿ ಹೇಳಿಬಿಡುತ್ತೇನೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬಿಸಿಲುಗಾಲದಲ್ಲಿ ಆಕಾಶ ಬರೀ ನೀಲಿ.

ಇದೇನು ದೊಡ್ಡ ವಿಷಯ, ಶಾಲೆಯ ಭೂಗೋಳದಲ್ಲೇ ಓದಿದ್ದೆವಲ್ಲ ಅಂತ ನಿಮಗೆ ಅನಿಸಬಹುದು. ನಿಜ, ಓದಿದ್ದೆವು. ಆದರೆ ಗಿಡದ ಕಡೆಯಿಂದ ಯೋಚಿಸಿ. ನಮ್ಮಲ್ಲಿ ರೋಹಿಣಿ, ಮೃಗಶಿರ, ಆರಿದ್ರಾ ಎಂದು ಮಳೆ ಎಣಿಸಲು ಶುರು ಮಾಡುವ ಹೊತ್ತಿಗೆ ಅಲ್ಲಿ ಮಳೆ ಕೈಕೊಟ್ಟಿರುತ್ತದೆ. ನಮ್ಮ ಚಿತ್ತೆ, ಸ್ವಾತಿ ಮುಗಿಯುವಾಗ ಅಲ್ಲಿ ಮೋಡ ಕಟ್ಟುತ್ತದೆ. ವರ್ಷದ ಒಟ್ಟು ಲೆಕ್ಕ ತೆಗೆದರೆ ಗ್ರೀಸ್‌ನ ಅಥೆನ್ಸ್‌ಗೂ ನಮ್ಮ ಚಳ್ಳಕೆರೆಗೂ ಹೆಚ್ಚು ವ್ಯತ್ಯಾಸವಿಲ್ಲ. ಅಥೆನ್ಸ್‌ನಲ್ಲಿ ಸುಮಾರು 400 ಮಿ.ಮೀ., ಚಳ್ಳಕೆರೆಯಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಚಳ್ಳಕೆರೆಯ ಗಿಡಕ್ಕೆ ನೆಲ ಬೆಚ್ಚಗಿರುವಾಗಲೇ ನೀರು ಸಿಗುತ್ತದೆ. ಅಥೆನ್ಸ್‌ನ ಗಿಡಕ್ಕೆ ನೀರು ಇದ್ದಾಗ ಚಳಿ, ಬಿಸಿಲು ಇದ್ದಾಗ ನೀರಿಲ್ಲ. ಎರಡೂ ಒಟ್ಟಿಗೆ ಸಿಗುವುದು ವಸಂತದಲ್ಲಿ ಕೆಲವೇ ವಾರ, ಮತ್ತೆ ಅಕ್ಟೋಬರ್ ಸುಮಾರಿಗೆ ಕೆಲವು ವಾರ. ಬೆಳೆಯುವುದು, ಹೂ ಬಿಡುವುದು, ಬೀಜ ಕಟ್ಟುವುದು ಎಲ್ಲ ಆ ಸಂದಿಯಲ್ಲೇ ಆಗಬೇಕು.

ಇಂಥ ಹವೆ ಇರುವುದು ಭೂಮಿಯ ಮೇಲೆ ಐದೇ ಕಡೆ. ಮೆಡಿಟರೇನಿಯನ್ ಸಮುದ್ರದ ಸುತ್ತ, ಕ್ಯಾಲಿಫೋರ್ನಿಯಾ, ಚಿಲಿ ದೇಶದ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್ ತುದಿ, ಆಸ್ಟ್ರೇಲಿಯಾದ ತೆಂಕಣ ಮತ್ತು ನೈರುತ್ಯ ಭಾಗ. ಎಲ್ಲ ಸೇರಿಸಿದರೂ ನೆಲದ ನೂರರಲ್ಲಿ ಎರಡು ಪಾಲು. ಆದರೆ ಸಸ್ಯಜಾತಿಗಳಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಅಲ್ಲಿವೆ. ಕಷ್ಟದ ಜಾಗದಲ್ಲಿ ಬದುಕುವ ಉಪಾಯಗಳೂ ಅಷ್ಟೇ ಬಗೆಬಗೆ.

ಕೆಲವು ಉಪಾಯ ಬರಿಗಣ್ಣಿಗೇ ಕಾಣುತ್ತವೆ. ಲ್ಯಾವೆಂಡರ್ ಎಲೆ ಯಾಕೆ ಬೂದು ಬಣ್ಣ? ಮೈತುಂಬ ಸಣ್ಣ ಕೂದಲು. ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತವೆ, ಎಲೆಯ ಮೇಲೆ ಗಾಳಿಯ ಓಡಾಟ ತಡೆಯುತ್ತವೆ. ರೋಸ್‌ಮರಿ ಎಲೆಯನ್ನು ತಿರುಗಿಸಿ ನೋಡಿ, ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಆಲಿವ್ ಎಲೆಯ ಅಡಿ ಬೆಳ್ಳಿ ಬಣ್ಣ. ಇನ್ನು ಕೆಲವು ಗಿಡ ಬೇಸಿಗೆಯಲ್ಲಿ ಮಲಗಿಬಿಡುತ್ತವೆ. ಅಲ್ಲಿಯ ಬಂಡೆ ಸಾಲಿನಲ್ಲಿ ಒಂದು ಕಳ್ಳಿ ಜಾತಿಯ ಪೊದೆ ಇದೆ, ಯೂಫೋರ್ಬಿಯಾ ಡೆಂಡ್ರಾಯ್ಡಿಸ್. ಬಿಸಿಲು ಏರಿದಂತೆ ಎಲೆ ಕೆಂಪಾಗಿ ಉದುರುತ್ತದೆ. ಜುಲೈನಲ್ಲಿ ನೋಡಿದವರು ಸತ್ತಿದೆ ಅಂದುಕೊಳ್ಳುತ್ತಾರೆ. ಅಕ್ಟೋಬರ್ ಮಳೆಗೆ ಮತ್ತೆ ಚಿಗುರು.

ಹೀಗೆ ಮಲಗಿದ ಗಿಡಕ್ಕೆ ಬೇಸಿಗೆಯಲ್ಲಿ ಅಯ್ಯೋ ಪಾಪ ಅಂತ ದಿನಾ ನೀರು ಹಾಕುವುದು, ಉಂಡು ಮಲಗಿದವರನ್ನು ಎಬ್ಬಿಸಿ ಮತ್ತೆ ಎಲೆ ಹಾಕಿ ಬಡಿಸಿದ ಹಾಗೆ. ಬಿಸಿ ಮಣ್ಣು, ಒದ್ದೆ ಮಣ್ಣು ಎರಡೂ ಸೇರಿದರೆ ಬೇರು ಕೊಳೆಸುವ ರೋಗಾಣುಗಳಿಗೆ ಹಬ್ಬ. ಸಿಸ್ಟಸ್ ಎನ್ನುವ ಹೂಪೊದೆಯನ್ನು ಅಲ್ಲಿಯ ತೋಟಗಾರರು ಇದಕ್ಕೆ ಉದಾಹರಣೆಯಾಗಿ ತೋರಿಸುತ್ತಾರೆ. ಬರಗಾಲದಲ್ಲಿ ಬದುಕುತ್ತದೆ, ಬೇಸಿಗೆಯ ಪ್ರೀತಿಗೆ ಸಾಯುತ್ತದೆ.

ಈಗ ಪ್ರವಾಸಕ್ಕೆ ಬರೋಣ.

ನಮ್ಮದು ಗುಂಪು ಪ್ರವಾಸ. ಬಸ್ಸು, ಗೈಡು, ಮುಂಚೆಯೇ ಕಾದಿರಿಸಿದ ಊಟ. ಸ್ವಂತಕ್ಕೆ ಹೋಗುವವರು ಗುಂಪನ್ನು ಕಂಡು ಮೂಗು ಮುರಿಯುತ್ತಾರೆ. ತೋಟ ನೋಡುವ ವಿಷಯದಲ್ಲಿ ಮಾತ್ರ ಗುಂಪೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಒಬ್ಬರೇ ಹೋದರೆ ಟಿಕೆಟ್ ತೊಗೊಂಡು ಸುತ್ತಿ ಬರುತ್ತೀರಿ. ಗುಂಪು ಮುಂಚೆ ಬರೆದು ಕೇಳಿದರೆ ತೋಟ ನೋಡಿಕೊಳ್ಳುವವರೇ ಬಂದು ತೋರಿಸುವ ಸಾಧ್ಯತೆ ಜಾಸ್ತಿ. ಜೊತೆಗೆ ಹತ್ತು ಕಣ್ಣು ಇರುತ್ತವೆ. ನಮ್ಮ ಜೊತೆಗಿದ್ದ ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರು ಎರಡು ದಿನ ಲ್ಯಾವೆಂಡರ್ ನೋಡಿ ಆಕಳಿಸುತ್ತಿದ್ದರು. ಮೂರನೇ ದಿನ ಸಮುದ್ರ ದಂಡೆಯ ರಸ್ತೆಯಲ್ಲಿ ಸುಳಿ ಬಾಗಿ ಒಣಗಿದ ಒಂದು ದೊಡ್ಡ ಪಾಮ್ ಮರ ಕಂಡಿತು. ಬಸ್ಸಿನೊಳಗಿಂದಲೇ, “ಏನ್ರೀ, ಇದು ನಮ್ಮ ಕೆಂಪು ಮೂತಿ ಹುಳುವಿನ ಕೆಲಸ ಅಲ್ವಾ?” ಅಂದರು. ಗೈಡ್ ಹೌದು ಅಂದಳು. ನಮ್ಮ ಏಷ್ಯಾ ಕಡೆಯ ಹುಳು ಅದು. 1990ರ ದಶಕದಲ್ಲಿ ಸ್ಪೇನ್ ಮುಟ್ಟಿತು, ಆಮೇಲೆ ಇಟಲಿ, ಫ್ರಾನ್ಸ್ ದಂಡೆಗೂ ಹಬ್ಬಿತು. ಸಾಗಿಸಿದ ಪಾಮ್ ಮರಗಳ ಜೊತೆಗೇ ಅದೂ ಹೋಯಿತು. ಪೋಸ್ಟ್‌ಕಾರ್ಡ್‌ಗಳಲ್ಲಿ ಕಾಣುವ ಆ ಕಡಲತೀರದ ಪಾಮ್ ಸಾಲುಗಳು ಎಷ್ಟೋ ಊರುಗಳಲ್ಲಿ ಈ ಹುಳುವಿಗೆ ತುತ್ತಾಗಿವೆ. ಅವತ್ತಿನಿಂದ ಆ ಯಜಮಾನರೇ ನಮ್ಮ ಗುಂಪಿನ ಎರಡನೇ ಗೈಡ್.

ಮೊದಲ ದೊಡ್ಡ ತೋಟ ಹ್ಯಾನ್‌ಬರಿ. ಇಟಲಿಯ ವೆಂಟಿಮಿಲ್ಯಾ ಊರಿನ ಹತ್ತಿರ, ಫ್ರಾನ್ಸ್ ಗಡಿಯ ಮಗ್ಗುಲಲ್ಲೇ ಇದೆ. ಲಾ ಮೊರ್ಟೋಲಾ ಎನ್ನುವ ಭೂಶಿರ. ಶಾಂಘೈನಲ್ಲಿ ವ್ಯಾಪಾರ ಮಾಡಿ ದುಡ್ಡು ಮಾಡಿದ ಥಾಮಸ್ ಹ್ಯಾನ್‌ಬರಿ ಎಂಬ ಇಂಗ್ಲಿಷಿನವನು 1867ರಲ್ಲಿ ಈ ಜಾಗ ಕೊಂಡ. ಅಣ್ಣ ಡೇನಿಯಲ್‌ಗೆ ಔಷಧಿ ಗಿಡಗಳ ವಿದ್ಯೆ ಗೊತ್ತಿತ್ತು. ಲುಡ್ವಿಗ್ ವಿಂಟರ್ ಎಂಬ ಜರ್ಮನ್ ತೋಟಗಾರ ಜೊತೆಯಾದ. ಬೆಟ್ಟದ ತಲೆಯಿಂದ ಸಮುದ್ರದವರೆಗೆ 18 ಹೆಕ್ಟೇರ್ ಇಳಿಜಾರು. 1960ರಿಂದ ಇಟಲಿ ಸರ್ಕಾರದ ಆಸ್ತಿ, ನೋಡಿಕೊಳ್ಳುವುದು ಜಿನೋವಾ ವಿಶ್ವವಿದ್ಯಾಲಯ. ತೋಟದ ನಡುವೆಯೇ ಹಳೆಯ ರೋಮನ್ ರಸ್ತೆಯೊಂದರ ತುಂಡು ಹಾದುಹೋಗುತ್ತದೆ.

ಹ್ಯಾನ್‌ಬರಿ ಹತ್ತೊಂಬತ್ತನೇ ಶತಮಾನದ ಆಸೆಗೆ ಒಂದು ಒಳ್ಳೆಯ ಮಾದರಿ. ಪ್ರಪಂಚದ ಎಲ್ಲ ಕಡೆಯಿಂದ ಗಿಡ ತರಿಸಬೇಕು, ಇಲ್ಲಿ ಬದುಕುತ್ತವೋ ನೋಡಬೇಕು. ಅಗೇವ್, ಆಲೋ, ಆಸ್ಟ್ರೇಲಿಯಾದ ಮರಗಳು, ನಿಂಬೆ ಕಿತ್ತಳೆ ಜಾತಿಗಳು. ಗಿಡಗಳ ಪಟ್ಟಿ ಬರೆದುಕೊಳ್ಳಲು ಹೊರಟರೆ ಸಂಜೆಯಾಗುತ್ತದೆ. ನಾನು ಹೇಳುವುದು, ಅಲ್ಲಿ ಗೋಡೆ ನೋಡಿ. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಲ್ಲುಗೋಡೆ ಕಟ್ಟಿದ್ದಾರೆ. ಆ ದಂಡೆಯ ರೈತರು ಆಲಿವ್‌ಗೆ, ದ್ರಾಕ್ಷಿಗೆ ನೂರಾರು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು. ಎಷ್ಟೋ ಕಡೆ ಗಾರೆಯೇ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸುತ್ತಾರೆ. ಚಳಿಗಾಲದ ಜೋರು ಮಳೆ ಓಡಿಹೋಗದೆ ಮೆಟ್ಟಿಲಿನಲ್ಲಿ ಇಂಗುತ್ತದೆ. ಹೆಚ್ಚಾದ ನೀರು ಕಲ್ಲಿನ ಸಂದಿಯಲ್ಲಿ ಸೋಸಿ ಹೋಗುತ್ತದೆ. ಹಗಲು ಕಾದ ಕಲ್ಲು ರಾತ್ರಿ ಶಾಖ ಬಿಡುತ್ತದೆ. ಈ ಒಣಗೋಡೆ ಕಟ್ಟುವ ಕಲೆಯನ್ನು ಯುನೆಸ್ಕೋ 2018ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬಯಲುಸೀಮೆಯ ಹೊಲದ ಬದುವಿಗೆ ಅಂಥ ಭಾಗ್ಯ ಬಂದಿಲ್ಲ, ಕೆಲಸ ಮಾತ್ರ ಅದೇ.

ಸಿಸಿಲಿಗೂ ಆಫ್ರಿಕಾಕ್ಕೂ ನಡುವೆ ಪಾಂತೆಲ್ಲೆರಿಯಾ ಎಂಬ ಸಣ್ಣ ದ್ವೀಪವಿದೆ. ನಾವು ಅಲ್ಲಿಗೆ ಹೋಗಲಿಲ್ಲ. ಆದರೂ ಗೋಡೆಯ ಮಾತು ಬಂದಾಗ ಅದನ್ನು ಬಿಡಲು ಮನಸ್ಸಿಲ್ಲ. ಅಲ್ಲಿ ಹೊಳೆ ಇಲ್ಲ, ಮಳೆ ಕಡಿಮೆ, ಗಾಳಿ ವಿಪರೀತ. ಒಂದೇ ಒಂದು ಕಿತ್ತಳೆಯೋ ನಿಂಬೆಯೋ ಮರ ಬೇಕು ಅಂದರೆ, ಅದರ ಸುತ್ತ ಆಳೆತ್ತರ ಮೀರಿದ ದುಂಡಗಿನ ಕಲ್ಲುಗೋಡೆ ಕಟ್ಟುತ್ತಾರೆ. ಮೇಲೆ ಚಾವಣಿ ಇಲ್ಲ. ಗಾಳಿ ತಪ್ಪುತ್ತದೆ, ನೆರಳು ಸಿಗುತ್ತದೆ, ಮಣ್ಣು ಬೇಗ ಆರುವುದಿಲ್ಲ. ಒಂದು ಮರಕ್ಕೆ ಒಂದು ಕೋಟೆ. ಅದಕ್ಕೂ ಅವರು ‘ತೋಟ’ ಅಂತಲೇ ಕರೆಯುತ್ತಾರೆ.

ಹ್ಯಾನ್‌ಬರಿಯಿಂದ ಪಶ್ಚಿಮಕ್ಕೆ, ಫ್ರಾನ್ಸ್ ದಂಡೆಯಲ್ಲಿ ದೊಮೇನ್ ದು ರಯೋಲ್. ಇದು ಸಿರಿವಂತರ ಬಂಗಲೆಯಾಗಿತ್ತು. ಆಮೇಲೆ ಪಾಳು ಬಿತ್ತು. ಹೋಟೆಲು, ವಿಲ್ಲಾಗಳು ಏಳುವ ಮೊದಲೇ ಕರಾವಳಿ ಉಳಿಸುವ ಸರ್ಕಾರಿ ಸಂಸ್ಥೆ 1989ರಲ್ಲಿ ಅದನ್ನು ಕೊಂಡುಕೊಂಡಿತು. ತೋಟ ರೂಪಿಸಲು ಗಿಲ್ ಕ್ಲೆಮಾಂ ಅವರನ್ನು ಕರೆಯಿತು. ಕ್ಲೆಮಾಂ ಅವರದು ‘ಚಲಿಸುವ ತೋಟ’ ಎನ್ನುವ ಆಲೋಚನೆ. ಗಿಡ ತನಗೆ ಬೇಕಾದ ಕಡೆ ಬೀಜ ಉದುರಿಸಿಕೊಂಡು ಹೋಗಲಿ, ತೋಟಗಾರ ಹಿಂದೆ ಹಿಂದೆ ಹೋಗಲಿ ಅನ್ನುವುದು. ಅಂಥವರಿಗೆ ಇಂಥ ಜಾಗ ಸಿಕ್ಕಿದ್ದು ಅದೃಷ್ಟ.

ರಯೋಲ್‌ನಲ್ಲಿ ನಾನು ಆರಂಭದಲ್ಲಿ ಹೇಳಿದ ಐದೂ ಸೀಮೆಗಳನ್ನು ನಡೆದು ನೋಡಬಹುದು. ಒಂದು ತಿರುವಿನಲ್ಲಿ ಕ್ಯಾಲಿಫೋರ್ನಿಯಾ, ಇಳಿದರೆ ಚಿಲಿ, ಅತ್ತ ದಕ್ಷಿಣ ಆಫ್ರಿಕಾ, ಇತ್ತ ಆಸ್ಟ್ರೇಲಿಯಾ. ಗಿಡಗಳಿಗೆ ಒಂದಕ್ಕೊಂದು ನಂಟಿಲ್ಲ, ಆದರೆ ಮುಖಚಹರೆ ಒಂದೇ. ಸಣ್ಣ ಎಲೆ, ಗಟ್ಟಿ ಎಲೆ, ಬೂದು ಎಲೆ, ಎಣ್ಣೆಯ ವಾಸನೆ. ಒಂದೇ ಪರೀಕ್ಷೆಗೆ ಬೇರೆ ಬೇರೆ ಖಂಡಗಳ ಗಿಡಗಳು ಕೊಟ್ಟ ಉತ್ತರ ಹೆಚ್ಚುಕಡಿಮೆ ಒಂದೇ ಆಗಿದೆ.

ಆ ಪರೀಕ್ಷೆಯಲ್ಲಿ ಬೆಂಕಿಯೂ ಒಂದು ಪ್ರಶ್ನೆ. ಒಣಗಿದ ಎಣ್ಣೆ ಎಲೆ, ಬೇಸಿಗೆ ಗಾಳಿ, ಇನ್ನೇನು ಬೇಕು. ಸಿಸ್ಟಸ್ ಬೀಜದ ಗಟ್ಟಿ ಸಿಪ್ಪೆ ಬೆಂಕಿಯ ಕಾವಿಗೆ ಬಿರಿದು ಮೊಳಕೆಗೆ ದಾರಿಯಾಗುತ್ತದೆ. ಆಸ್ಟ್ರೇಲಿಯಾದ ಎಷ್ಟೋ ಬ್ಯಾಂಕ್ಸಿಯಾ ಜಾತಿಗಳು ಬೆಂಕಿ ಬಿದ್ದ ಮೇಲೆಯೇ ಕಾಯಿ ಬಾಯಿ ತೆರೆಯುತ್ತವೆ. ಕೇಪ್ ಸೀಮೆಯ ಅನೇಕ ಬೀಜಗಳಿಗೆ ಹೊಗೆ ತಾಗಬೇಕು. ಅಂದಹಾಗೆ ರಯೋಲ್ ತೋಟ ಸಮುದ್ರದೊಳಗೂ ಇದೆ. ಮುಖಕ್ಕೆ ಕನ್ನಡಕ, ಉಸಿರಿಗೆ ಕೊಳವೆ ಕಟ್ಟಿಕೊಂಡು ಗೈಡ್ ಜೊತೆ ಈಜಿ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಬಯಲು ನೋಡಬಹುದು. ನಮ್ಮ ಗುಂಪಿನಲ್ಲಿ ಇಬ್ಬರು ಹುಡುಗಿಯರು ಇಳಿದರು. ಉಳಿದವರು ದಡದಲ್ಲಿ ಕೂತು ಚಕ್ಕುಲಿ ತಿಂದೆವು.

ಈಗ ಬರುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಜಾಗ. ನೋಡಲು ಅಷ್ಟೇನೂ ಭರ್ಜರಿ ಅಲ್ಲ. ಮೊಂಪೆಲಿಯೆ ನಗರದ ಹತ್ತಿರ, ತೋ ಎಂಬ ಹಿನ್ನೀರಿನ ದಂಡೆಯಲ್ಲಿ ಮೇಜ್ ಎಂಬ ಊರು. ಅಲ್ಲಿ ಒಲಿವಿಯೇ ಮತ್ತು ಕ್ಲಾರಾ ಫಿಲಿಪ್ಪಿ ದಂಪತಿ ಕಟ್ಟಿದ ನರ್ಸರಿ, ಪಕ್ಕದಲ್ಲೇ ಅವರ ಒಣತೋಟ. ಒಣತೋಟ ಅಂದರೆ ನಿಜವಾಗಿಯೂ ಒಣತೋಟ. ಪೈಪಿಲ್ಲ, ಡ್ರಿಪ್ಪಿಲ್ಲ.

ಮೊದಲು ನರ್ಸರಿಯ ಗಿಡ ನೋಡಿ ನಮ್ಮವರಿಗೆ ನಿರಾಸೆ. ಸಣ್ಣ ಸಣ್ಣ ಸಸಿ. ನಮ್ಮ ನರ್ಸರಿಗಳಲ್ಲಿ ಹೂ ತುಂಬಿದ ದೊಡ್ಡ ಗಿಡ ನೋಡಿ ಅಭ್ಯಾಸ ಅಲ್ವಾ. ಇಲ್ಲಿ ಮೇಲೆ ಗಿಡ ಪುಟ್ಟದು, ಕೆಳಗೆ ಕುಂಡ ಆಳ. ಬೇರು ಕುಂಡದೊಳಗೆ ಸುತ್ತಿಕೊಳ್ಳದೆ ನೇರ ಇಳಿಯಲಿ ಅಂತ. ಬೇರು ಸುರುಳಿ ಸುತ್ತಿದ ದೊಡ್ಡ ಗಿಡ ನೆಲಕ್ಕೆ ಇಳಿದ ಮೇಲೂ ಕುಂಡದ ಗುಣ ಬಿಡುವುದಿಲ್ಲ. ಸಣ್ಣದು ಬೇಗ ನೆಲ ಹಿಡಿಯುತ್ತದೆ.

ನೆಡುವುದು ಶರತ್ಕಾಲದಲ್ಲಿ, ಮಳೆ ಶುರುವಾಗುವ ಹೊತ್ತಿಗೆ. ಪ್ರತಿ ಗಿಡದ ಸುತ್ತ ಅಗಲವಾದ, ಆಳವಾದ ಪಾತಿ. ಚಳಿಗಾಲ ಪೂರ್ತಿ ಬೇರಿನ ಕೆಲಸ ನಡೆಯುತ್ತದೆ. ಮೇಲೆ ಏನೂ ಬೆಳೆದ ಹಾಗೆ ಕಾಣುವುದಿಲ್ಲ, ಗಾಬರಿ ಬೇಡ. ಮೊದಲ ಬೇಸಿಗೆಯಲ್ಲಿ ಮಾತ್ರ ನೀರು. ಅದೂ ದಿನಾ ಚಿಮುಕಿಸುವುದಲ್ಲ. ಎರಡು ಮೂರು ವಾರಕ್ಕೊಮ್ಮೆ ಪಾತಿ ತುಂಬ ಸುರಿಯುವುದು. ನೀರು ಆಳಕ್ಕೆ ಹೋಗುತ್ತದೆ, ಬೇರು ಅದನ್ನು ಹುಡುಕಿಕೊಂಡು ಇಳಿಯುತ್ತದೆ. ಎರಡನೇ ವರ್ಷದಿಂದ ಪಾತಿ ಮುಚ್ಚಿ, ನೀರೂ ನಿಲ್ಲಿಸಿ.

ನಾವು ಮಾಡುವುದೇನು? ಸಂಜೆ ಕಾಫಿ ಕುಡಿದು ಪೈಪ್ ಹಿಡಿದು ಎಲ್ಲದಕ್ಕೂ ಎರಡೆರಡು ನಿಮಿಷ. ಮೇಲಿನ ಒಂದು ಬೆರಳು ಮಣ್ಣು ನೆನೆಯುತ್ತದೆ. ಬೇರಿಗೂ ಅಷ್ಟೇ ಸಾಕು, ಅಲ್ಲೇ ಕೂರುತ್ತದೆ. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಗಿಡ ಬಾಡಿರುತ್ತದೆ. ನೀರು ಸಾಲಲಿಲ್ಲ ಅಂತ ಇನ್ನೂ ಸ್ವಲ್ಪ ಜಾಸ್ತಿ ಪೈಪ್ ಹಿಡಿಯುತ್ತೇವೆ.

ಗೊಬ್ಬರದ ವಿಷಯದಲ್ಲೂ ಅಲ್ಲಿ ಕೈ ಬಿಗಿ. ಬಡ ಮಣ್ಣು, ಕಲ್ಲು ಮಣ್ಣು ಈ ಗಿಡಗಳಿಗೆ ಇಷ್ಟ. ಕೊಬ್ಬಿದ ಮಣ್ಣಿನಲ್ಲಿ ದಷ್ಟಪುಷ್ಟವಾಗಿ ಬೆಳೆದು ಬೇಗ ಸಾಯುತ್ತವೆ. ಮೇಲೆ ಜಲ್ಲಿಯ ಹೊದಿಕೆ. ಕಳೆ ಕಡಿಮೆ, ತೇವ ಆರುವುದು ನಿಧಾನ, ಗಿಡದ ಕೊರಳಿಗೆ ನೀರು ನಿಲ್ಲುವುದಿಲ್ಲ. ಜಲ್ಲಿಯ ಮಾತಿಗೆ ಇಂಗ್ಲೆಂಡಿನ ಒಂದು ತೋಟವೂ ನೆನಪಾಗುತ್ತದೆ. ಎಸೆಕ್ಸ್ ಸೀಮೆಯಲ್ಲಿ ಬೆತ್ ಚಾಟೋ ಎಂಬ ತೋಟಗಾರ್ತಿ 1990ರ ದಶಕದ ಆರಂಭದಲ್ಲಿ ಕಾರು ನಿಲ್ಲಿಸುವ ಜಾಗವನ್ನೇ ಜಲ್ಲಿ ತೋಟ ಮಾಡಿದರು. ನೀರು ಹಾಕುವುದಿಲ್ಲ ಅಂತ ಶಪಥ ಮಾಡಿ ನಡೆಸಿದರು. ಅದು ಮೆಡಿಟರೇನಿಯನ್ ಅಲ್ಲ, ಆದರೆ ಇಂಗ್ಲೆಂಡಿನಲ್ಲೇ ತೀರ ಒಣ ಮೂಲೆ.

ಫಿಲಿಪ್ಪಿ ಅವರ ನರ್ಸರಿಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸರಳ ಲೆಕ್ಕ. ಪ್ರತಿ ಗಿಡಕ್ಕೂ ಒಂದು ಅಂಕಿ. ಅದು ಎಷ್ಟು ತಿಂಗಳ ಬರ ತಡೆಯುತ್ತದೆ ಅನ್ನುವ ಅಂಕಿ. ‘ಕಡಿಮೆ ನೀರು ಸಾಕು’ ಅನ್ನುವ ಮಾತಿಗೆ ತಲೆಬುಡ ಇಲ್ಲ. ಯಾರಿಗೆ ಕಡಿಮೆ, ಎಲ್ಲಿ ಕಡಿಮೆ? ತಿಂಗಳ ಲೆಕ್ಕ ಹೇಳಿದರೆ ನಿಮ್ಮೂರಿನ ಒಣ ತಿಂಗಳು ಎಣಿಸಿ ಹೊಂದಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಇಟ್ಟುಕೊಳ್ಳಿ, ನಾಲ್ಕು ತಿಂಗಳು. ಚಿತ್ರದುರ್ಗದ ಕಡೆ ಇನ್ನೊಂದು ಸೇರಿಸಿ. ನಮ್ಮ ನರ್ಸರಿಯವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಇದನ್ನೊಂದು ಶುರು ಮಾಡಿ. ಲೇಬಲ್ ಮೇಲೆ ಒಂದಂಕಿ ಬರೆಯಲು ಖರ್ಚೇನೂ ಇಲ್ಲ.

ಗ್ರೀಸ್ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಅಥೆನ್ಸ್ ಹೊರಗೆ ಪಯಾನಿಯಾ ಊರಿನ ಕಲ್ಲುಗುಡ್ಡದಲ್ಲಿ ಸ್ಪರೋಜಾ ಎಂಬ ತೋಟವಿದೆ. 1994ರಲ್ಲಿ ಹುಟ್ಟಿದ ಮೆಡಿಟರೇನಿಯನ್ ಗಾರ್ಡನ್ ಸೊಸೈಟಿಯ ತವರು. ಆ ತೋಟ ಮಾಡಿದವರು ಜಾಕ್ವೆಲಿನ್ ಟಿರ್‌ವಿಟ್, ವೃತ್ತಿಯಲ್ಲಿ ನಗರ ಯೋಜಕಿ. 1954ರಲ್ಲಿ ದೆಹಲಿಯಲ್ಲಿ ಕಡಿಮೆ ಖರ್ಚಿನ ಮನೆಗಳ ಬಗ್ಗೆ ವಿಶ್ವಸಂಸ್ಥೆಯ ವಿಚಾರಸಂಕಿರಣ, ವಸ್ತುಪ್ರದರ್ಶನ ನಡೆದವಲ್ಲ, ಅದಕ್ಕೆ ದುಡಿದವರಲ್ಲಿ ಆಕೆ ಮುಖ್ಯರು. ಸ್ಪರೋಜಾದಲ್ಲಿ ಬೇಸಿಗೆ ಬಂದರೆ ತೋಟ ಕಂದು ಬಣ್ಣಕ್ಕೆ ತಿರುಗುವುದನ್ನು ಮುಚ್ಚಿಡುವ ಪ್ರಯತ್ನವಿಲ್ಲ. ಕಂದು ಕೂಡ ಆ ತೋಟದ ಒಂದು ಬಣ್ಣ ಅಂತ ಒಪ್ಪಿಕೊಂಡಿದ್ದಾರೆ. ನಮಗೆ ಅದು ಸುಲಭದಲ್ಲಿ ಒಪ್ಪಿಗೆಯಾಗುವುದಿಲ್ಲ. ಹಸಿರು ಕಾಣದಿದ್ದರೆ ಮಾಲಿಗೆ ಬೈಯುತ್ತೇವೆ.

ಸ್ಪೇನ್‌ಗೆ ಬಂದರೆ ಕಥೆ ಬೇರೆ. ಗ್ರನಾಡಾದ ಅಲ್ಹಂಬ್ರಾ ಕೋಟೆ, ಅದರ ಮಗ್ಗುಲಿನ ಹೆನೆರಲೀಫೆ ತೋಟ. ಒಣ ನಾಡಿನಲ್ಲಿ ಎಲ್ಲಿ ನೋಡಿದರೂ ನೀರಿನ ಸದ್ದು. ಇದೇನು, ಇಷ್ಟು ಹೊತ್ತು ನೀರಿಲ್ಲದ ತೋಟ ಅಂದು ಈಗ ಕಾರಂಜಿ ತೋರಿಸುತ್ತಿದ್ದೀರಲ್ಲ ಅಂತ ಕೇಳಬಹುದು. ನೋಡಿ, ಹದಿಮೂರನೇ ಶತಮಾನದಲ್ಲಿ ನಸ್ರಿದ್ ಅರಸರು ದಾರೋ ಹೊಳೆಯನ್ನು ಮೇಲ್ಗಡೆಯೇ ತಡೆದು, ಬೆಟ್ಟದ ಪಕ್ಕೆಯಲ್ಲಿ ಕಿಲೋಮೀಟರುಗಟ್ಟಲೆ ಕಾಲುವೆ ಕಡಿಸಿ ನೀರು ತಂದರು. ಪಂಪಿಲ್ಲ, ಬರೀ ಇಳಿಜಾರು. ಅದೇ ನೀರು ಅರಮನೆ, ಸ್ನಾನಗೃಹ, ಹೂತೋಟ, ತರಕಾರಿ ಮಡಿ ಎಲ್ಲ ಮುಟ್ಟಿ ಹೋಗುತ್ತದೆ. ಒಂದು ಕಡೆ ಮೆಟ್ಟಿಲಿನ ಎರಡೂ ಬದಿಯ ಕೈಪಿಡಿ ಗೋಡೆಯೇ ಕಾಲುವೆ. ಕೈ ಇಟ್ಟುಕೊಂಡು ಇಳಿದರೆ ಬೆರಳ ಸಂದಿಯಲ್ಲಿ ನೀರು ಹರಿಯುತ್ತದೆ. ಎಲ್ಲರೂ ಫೋಟೋ ತೆಗೆಯುವ ಕಮಾನಿನಂಥ ಚಿಲುಮೆ ಸಾಲು ಇದೆಯಲ್ಲ, ಅದು ಹಳೆಯದಲ್ಲ, ಬಹಳ ಆಮೇಲೆ ಸೇರಿಸಿದ್ದು. 1958ರಲ್ಲಿ ಅಲ್ಲಿ ಬೆಂಕಿ ಬಿತ್ತು. ಆಮೇಲೆ ಅಗೆದು ನೋಡಿದಾಗ ಹಳೆಯ ಹೂಮಡಿಗಳು ಓಡಾಡುವ ದಾರಿಗಿಂತ ತಗ್ಗಿನಲ್ಲಿದ್ದದ್ದು ಕಂಡಿತು. ತಗ್ಗು ಮಡಿಗೆ ನೀರು ತಿರುಗಿಸುವುದು ಸುಲಭ, ಬೇಗ ಆರುವುದೂ ಇಲ್ಲ. ನಮ್ಮ ರೈತರು ಇದನ್ನೆಲ್ಲ ಯಾರಿಂದಲೂ ಕಲಿಯಬೇಕಿಲ್ಲ.

ನೀರು ತರುವ ಈ ಜಾಣ್ಮೆಯಲ್ಲಿ ನಮ್ಮದೂ ಒಂದು ಕೊಂಡಿ ಇದೆ. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ನೋಡಿದ್ದೀರಾ? ನೆಲದಡಿ ಸುರಂಗ ಕೊರೆದು, ಇಳಿಜಾರಿನ ಬಲದಿಂದಲೇ ನೀರು ಹರಿಸುವ ಏರ್ಪಾಡು. ಪರ್ಷಿಯಾದಿಂದ ಪೂರ್ವಕ್ಕೆ ಬಂದ ವಿದ್ಯೆ ಬೀದರ್ ತಲುಪಿತು. ಪಶ್ಚಿಮಕ್ಕೆ ಹೋದದ್ದು ಸಿಸಿಲಿಯ ಪಲೆರ್ಮೋ ತಲುಪಿತು. ಅಲ್ಲಿ ಅದಕ್ಕೆ ಕನಾತ್ ಅನ್ನುತ್ತಾರೆ. ಊರಿನ ಕೆಳಗೆ ಇಳಿದು ನೋಡಲು ಬಿಡುತ್ತಾರೆ. ಇಷ್ಟು ದೂರ ಹೋಗುವ ಮುಂಚೆ ಬೀದರ್‌ಗೆ ಒಮ್ಮೆ ಹೋಗಿಬನ್ನಿ ಅಂತ ನನ್ನ ಸಲಹೆ.

ಮತ್ತೆ ಸ್ಪೇನ್‌ಗೆ ಬರೋಣ. ಅಲ್ಲಿಯ ಕೊರ್ದೊಬಾ ಊರಿನಲ್ಲಿ ಮನೆಯ ಒಳಅಂಗಳಗಳೇ ತೋಟ. ಸುಣ್ಣದ ಗೋಡೆ ತುಂಬ ತೂಗುಹಾಕಿದ ಕುಂಡಗಳು. ಮೇ ತಿಂಗಳ ಹಬ್ಬದಲ್ಲಿ ಮನೆಯವರು ಬಾಗಿಲು ತೆರೆದಿಡುತ್ತಾರೆ, ಯಾರು ಬೇಕಾದರೂ ಹೋಗಿ ನೋಡಬಹುದು. 2012ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು. ಮೇಲಿನ ಕುಂಡಕ್ಕೆ ನೀರು ಹಾಕಲು ಉದ್ದ ಕೋಲಿನ ತುದಿಗೆ ತಗಡಿನ ಡಬ್ಬಿ ಕಟ್ಟಿದ್ದಾರೆ. ಟೆರೇಸ್ ತೋಟದವರು ಇದನ್ನು ನಾಳೆಯೇ ಮಾಡಿಕೊಳ್ಳಬಹುದು. ಆದರೆ ಇದು ನೀರು ಉಳಿಸುವ ತೋಟ ಅಂತ ತಪ್ಪು ತಿಳಿಯಬೇಡಿ. ಕುಂಡಕ್ಕೆ ನೆಲಕ್ಕಿಂತ ನೀರು ಜಾಸ್ತಿ ಬೇಕು. ಉಳಿಯುವುದು ಅಂಗಳದ ತಂಪು.

ಸರಿ, ಇದರಲ್ಲಿ ನಮಗೇನು? 2024ರ ಫೆಬ್ರವರಿಯಲ್ಲಿ ಬಾರ್ಸಿಲೋನಾ ಸೀಮೆಯಲ್ಲಿ ಬರದ ತುರ್ತು ಸ್ಥಿತಿ ಸಾರಿದರು, ಹುಲ್ಲುಹಾಸಿಗೆ ನೀರು ಬಿಡುವಂತಿಲ್ಲ ಅಂದರು. ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿತು. ಹಾಗಾಗಿ ಕಷ್ಟ ಒಂದೇ. ಉತ್ತರ ಮಾತ್ರ ಅಲ್ಲಿಂದ ಎತ್ತಿಕೊಂಡು ಬರುವಂಥದ್ದಲ್ಲ. ಲ್ಯಾವೆಂಡರನ್ನೇ ನೋಡಿ. ಡಿಸೆಂಬರ್‌ನಲ್ಲಿ ನರ್ಸರಿಯಿಂದ ತರುತ್ತೀರಿ, ಚೆನ್ನಾಗಿರುತ್ತದೆ. ಆಗಸ್ಟ್ ಹೊತ್ತಿಗೆ ಬುಡ ಕಪ್ಪಾಗಿ ಹೋಗುತ್ತದೆ. ನಿಮ್ಮ ಕೈಗುಣ ಕೆಟ್ಟದ್ದಲ್ಲ. ಅದಕ್ಕೆ ಬಿಸಿಲುಗಾಲ ಒಣಗಿರಬೇಕು. ನಾವು ಬೆಚ್ಚಗಿನ ತಿಂಗಳುಗಳಲ್ಲೇ ಮಳೆಯಲ್ಲಿ ನೆನೆಸುತ್ತೇವೆ.

ತರಬೇಕಾದದ್ದು ಗಿಡವಲ್ಲ, ನೆಡುವ ಹೊತ್ತು. ಅವರು ಅಕ್ಟೋಬರ್‌ನಲ್ಲಿ ನೆಡುವುದು ಅವರ ಮಳೆ ಆಗ ಶುರು ಅಂತ. ನಮಗೆ ಅದು ಜೂನ್, ಜುಲೈ. ಜುಲೈ ಮೊದಲ ವಾರ ವನಮಹೋತ್ಸವ ಮಾಡುತ್ತೇವಲ್ಲ, ಅದರ ಹಿಂದಿನ ಲೆಕ್ಕವೂ ಇದೇ. ಆದರೆ ಅಪಾರ್ಟ್‌ಮೆಂಟ್ ಲ್ಯಾಂಡ್‌ಸ್ಕೇಪಿಂಗ್ ಮಾತ್ರ ಗೃಹಪ್ರವೇಶದ ಮುಹೂರ್ತ ನೋಡಿ ಫೆಬ್ರವರಿಯಲ್ಲಿ ನಡೆಯುತ್ತದೆ, ಟ್ಯಾಂಕರ್ ನೀರಿನಲ್ಲಿ.

ಗಿಡಗಳನ್ನಂತೂ ಇಲ್ಲೇ ಹುಡುಕಬಹುದು. ಅಲ್ಲಿ ಕಂಡ ಎಷ್ಟೋ ಗಿಡಗಳ ದಾಯಾದಿಗಳು ನಮ್ಮಲ್ಲಿವೆ. ಅವರ ಒಣ ಹಳ್ಳಗಳಲ್ಲಿ ಕಣಗಿಲೆ ಸಾಲು ಸಾಲು ನಿಂತಿರುತ್ತದೆ, ನಮಗೂ ಪರಿಚಯದ್ದೇ. ಜೊತೆಯಲ್ಲಿ ವೈಟೆಕ್ಸ್ ಪೊದೆ, ನಮ್ಮ ಲಕ್ಕಿ ಗಿಡದ ಅಕ್ಕತಂಗಿ. ಬಂದರಿಕೆಯನ್ನು ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟು ಬೇಲಿಗೆ ಹಾಕುತ್ತಾರೆ. ಇಲ್ಲಿ ಗುಡ್ಡದಲ್ಲಿ ಕಡಿದು ಒಲೆಗೆ ಹಾಕಿದ್ದೇವೆ. ಹಳದಿ ಹೂವಿನ ತಂಗಡಿಗೆ ಯಾವ ಬೇಸಿಗೆಯೂ ಲೆಕ್ಕಕ್ಕಿಲ್ಲ. ನನಗೆ ತುಂಬ ಖುಷಿ ಕೊಟ್ಟದ್ದು ಕಾಡು ಈರುಳ್ಳಿ. ಮೆಡಿಟರೇನಿಯನ್ ದಂಡೆಯಲ್ಲಿ ಬೇಸಿಗೆ ಮುಗಿಯುವಾಗ ಬರೀ ಒಣನೆಲದಿಂದ ಎಲೆಯೇ ಇಲ್ಲದ ಉದ್ದ ಬಿಳಿ ಹೂಗೊನೆ ಏಳುತ್ತದೆ. ಮಳೆ ಬಂದ ಮೇಲೆ ಎಲೆ. ನಮ್ಮ ಅಡವಿಯ ಕಾಡು ಈರುಳ್ಳಿ ಅದೇ ವಂಶ, ಅದೇ ಚಾಳಿ. ಇದು ಮುಂಗಾರಿಗೆ ಮುಂಚೆ ಹೂ ಬಿಡುತ್ತದೆ, ಅದು ಅವರ ಮಳೆಗಾಲಕ್ಕೆ ಮುಂಚೆ. ಇಬ್ಬರಿಗೂ ಮಳೆ ಯಾವಾಗ ಅಂತ ಚೆನ್ನಾಗಿ ಗೊತ್ತು.

ಇಷ್ಟು ಸಾಕು. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ಅಲ್ಲಿಂದ ಬೀಜವೋ ಕಡ್ಡಿಯೋ ತರಬಹುದಾ?

ತರಬೇಡಿ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಾನೂನಿನ ಮಾತು ಬಿಡಿ, ಕೆಂಪು ಮೂತಿ ಹುಳುವಿನ ಕಥೆ ಹೇಳಿದೆನಲ್ಲ. ಇಟಲಿಯ ಪುಲ್ಯಾ ಸೀಮೆಯಲ್ಲಿ 2013ರಲ್ಲಿ ಝೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ನೂರಾರು ವರ್ಷದ ಆಲಿವ್ ಮರಗಳು ನಿಂತಲ್ಲೇ ಒಣಗಿದವು. ಅದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆ ದ್ರಾಕ್ಷಿಗೂ ಬರುತ್ತದೆ. ಬ್ಯಾಗಿನಲ್ಲಿ ತಂದ ಒಂದು ಕಡ್ಡಿ ವಿಜಯಪುರದ ದ್ರಾಕ್ಷಿ ತೋಟದ ತನಕ ಏನು ಮಾಡಬಹುದು ಯೋಚಿಸಿ.

ಪ್ರಶ್ನೆ: ಕ್ಯಾಕ್ಟಸ್, ಅಗೇವ್ ಹಾಕಿ ಜಲ್ಲಿ ಸುರಿದರೆ ಒಣತೋಟ ಆಯಿತಲ್ಲ?

ಆಯಿತು, ಆದರೆ ಅದರಲ್ಲಿ ನೆರಳಿಲ್ಲ. ಏಪ್ರಿಲ್‌ನಲ್ಲಿ ಆ ಜಲ್ಲಿಯ ಪಕ್ಕದ ಮನೆ ಕಾದ ಹೆಂಚಾಗುತ್ತದೆ. ಅಗೇವ್, ಪಾಪಾಸುಕಳ್ಳಿ ಮೆಡಿಟರೇನಿಯನ್‌ಗೂ ಹೊರಗಿನವೇ, ಅಮೆರಿಕಾದಿಂದ ಹೋದವು. ಮೊದಲು ಒಂದು ಮರ, ಅದರ ಅಡಿಗೆ ಪೊದೆ. ಕ್ಯಾಕ್ಟಸ್ ಆಮೇಲೆ ನೋಡೋಣ.

ಪ್ರಶ್ನೆ: ಮಕ್ಕಳು ಆಡಲು ಲಾನ್ ಬೇಕೇ ಬೇಕು ಅಂತಾರೆ.

ಆಟಕ್ಕೆ ಬೇಕಾದಷ್ಟು ಜಾಗಕ್ಕೆ ಮಾತ್ರ ಹುಲ್ಲು ಇಟ್ಟುಕೊಳ್ಳಿ. ನೋಡುವುದಕ್ಕೆ ಮಾತ್ರ ಹಸಿರು ಬೇಕಾದ ಕಡೆ ಲಿಪ್ಪಿಯಾ ಇದೆ, ಫಿಲಿಪ್ಪಿ ಅವರೂ ಹುಲ್ಲಿನ ಬದಲಿಗೆ ಹೇಳುವ ನೆಲಹೊದಿಕೆ. ಆ ಜಾತಿಯದೇ ನಮ್ಮ ನೆಲಹಿಪ್ಪಲಿ, ಕೆರೆಯಂಗಳದಲ್ಲಿ ಹಬ್ಬಿರುತ್ತದೆ. ಹೂವಿಗೆ ಜೇನು ಬರುತ್ತದೆ, ಬರಿಗಾಲಲ್ಲಿ ಓಡುವ ಮಕ್ಕಳಿಗೆ ಅದೊಂದು ಎಚ್ಚರಿಕೆ ಹೇಳಿ.

ಪ್ರಶ್ನೆ: ಹೋಗಲು ಯಾವ ತಿಂಗಳು ಒಳ್ಳೆಯದು?

ಟ್ರಾವೆಲ್ಸ್‌ನವರು ಏಪ್ರಿಲ್, ಮೇ ಅಂತಾರೆ. ಹೂ ನೋಡಲು ಅದೇ ಸರಿ. ಕಲಿಯಲು ಹೋಗುವುದಾದರೆ ಸೆಪ್ಟೆಂಬರ್ ಕೊನೆ. ತೋಟ ತನ್ನ ಕೆಟ್ಟ ದಿನಗಳಲ್ಲಿ ಹೇಗಿರುತ್ತದೆ ಅನ್ನುವುದು ಆಗ ಕಾಣುತ್ತದೆ. ಮೇನಲ್ಲೇ ಹೋದರೂ ತೋಟದವರನ್ನು ಆಗಸ್ಟ್ ಫೋಟೋ ತೋರಿಸಿ ಅಂತ ಕೇಳಿ. ಖುಷಿಯಿಂದ ತೋರಿಸುವ ತೋಟಗಳಲ್ಲಿ ಹೆಚ್ಚು ಹೊತ್ತು ಇರಿ. ಅಲ್ಹಂಬ್ರಾ ಟಿಕೆಟ್ ಮಾತ್ರ ತುಂಬ ಮುಂಚೆ ಮಾಡಿಸಿ. ಪಾಸ್‌ಪೋರ್ಟ್‌ನ ಹೆಸರಿಗೇ ಕೊಡುತ್ತಾರೆ, ಅರಮನೆಗೆ ಹೋಗುವ ಗಂಟೆಯೂ ಅದರಲ್ಲೇ ಇರುತ್ತದೆ. ಗುಂಪಿನಲ್ಲಿ ಒಬ್ಬರು ಶಾಪಿಂಗ್ ಅಂತ ತಡ ಮಾಡಿದರೆ ಎಲ್ಲರಿಗೂ ತೊಂದರೆ.

ಪ್ರಶ್ನೆ (ಮುಂದಿನ ಸಾಲಿನ ಅಮ್ಮ ಒಬ್ಬರಿಂದ): ನನಗೆ ಮಂಡಿ ನೋವು ಕಣಪ್ಪ. ಇದರಲ್ಲಿ ಯಾವುದಕ್ಕೆ ಹೋಗಬಹುದು?

ಅಮ್ಮಾ, ಹ್ಯಾನ್‌ಬರಿ ಬೇಡ. ಸಮುದ್ರದವರೆಗೆ ಖುಷಿಯಾಗಿ ಇಳಿದುಬಿಡುತ್ತೀರಿ, ವಾಪಸ್ ಅಷ್ಟೂ ಹತ್ತಬೇಕು. ರಯೋಲ್‌ನಲ್ಲೂ ಮೆಟ್ಟಿಲು ಜಾಸ್ತಿ, ಮೇಲಿನ ಭಾಗ ನೋಡಿ ನೆರಳಲ್ಲಿ ಕೂರಬಹುದು. ಮೇಜ್‌ನಲ್ಲಿ ಬೆಟ್ಟ ಹತ್ತುವ ಕೆಲಸವಿಲ್ಲ, ಆದರೆ ಜಲ್ಲಿ ದಾರಿ, ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳಿ. ಕೊರ್ದೊಬಾದ ಅಂಗಳಗಳು ನಿಮಗೆ ಸರಿ. ಒಂದು ಮನೆಯಿಂದ ಇನ್ನೊಂದು ಮನೆಗೆ ನಿಧಾನ ನಡೆದರೆ ಆಯಿತು. ಬೀದಿಯಲ್ಲಿ ಗುಂಡುಕಲ್ಲು ಹಾಸಿದ್ದಾರೆ, ಕೋಲು ಜೊತೆಗಿರಲಿ.